ಯಾವ ಸ್ಕ್ಯಾನರ್‌ನ ಕಿವಿ ಚುರುಕು?

ಪ್ರಶ್ನೆ: ನನ್ನ ಹತ್ತಿರ ಎರಡು ರೇಡಿಯೋ ಸ್ಕ್ಯಾನರ್‌ಗಳಿವೆ, ಅಂದರೆ ಹಲವು ಚಾನೆಲ್‌ಗಳನ್ನು ಒಂದಾದ ಮೇಲೊಂದು ಹುಡುಕಿ ಕೇಳಿಸುವ ರೇಡಿಯೋಗಳು. ಹಳೆಯದರ ಕೈಪಿಡಿಯಲ್ಲಿ ಸೆನ್ಸಿಟಿವಿಟಿ 0.5 ಮೈಕ್ರೋವೋಲ್ಟ್ ಅಂತ ಇದೆ. ಹೊಸದರಲ್ಲಿ 0.2. ಜೊತೆಗೆ ಬಂದ ರಬ್ಬರ್ ಆಂಟೆನಾ ಹಾಕಿದರೆ ಹೊಸದೇ ಚೆನ್ನಾಗಿ ಕೇಳುತ್ತದೆ. ಆದರೆ ಮಹಡಿ ಮೇಲಿನ ಆಂಟೆನಾಗೆ ಜೋಡಿಸಿದರೆ ಹಳೆಯದೇ ಮೇಲು. ಕೇಬಲ್ 20 ಮೀಟರ್ ಉದ್ದದ ಆರ್‌ಜಿ-58. ವಿಮಾನಗಳ ಮಾತು ಹಳೆಯದರಲ್ಲಿ ಸ್ಪಷ್ಟ, ಹೊಸದರಲ್ಲಿ ಗೊರಗೊರ. ಒಮ್ಮೊಮ್ಮೆ ನಡುವೆ ಒಡಕು ಹಾಡೂ ಕೇಳುತ್ತದೆ. ಯಾವುದನ್ನು ನಂಬಲಿ? ಮನೆಯಲ್ಲೇ ಎರಡನ್ನೂ ಹೋಲಿಸಿ ನೋಡುವುದು ಹೇಗೆ? ಒಂದು ಪ್ರೀಆಂಪ್ ಹಾಕಿದರೆ ಸರಿಹೋಗುತ್ತದಾ?

ಉತ್ತರ: ನಿಮ್ಮ ಕಿವಿಯನ್ನು ನಂಬಿ. ನೀವು ಕಂಡುಕೊಂಡ ಎರಡೂ ಸಂಗತಿಗಳು ನಿಜ. ಹೊಸ ಸ್ಕ್ಯಾನರ್‌ನ ಕಿವಿ ಚುರುಕು ಇರುವ ಹಾಗೇ ಕಾಣುತ್ತದೆ. ಆದರೆ ಸಂತೆಯ ಗದ್ದಲದ ನಡುವೆ ಒಂದು ಮೆಲುದನಿಯನ್ನು ಹಿಡಿಯುವ ಶಕ್ತಿ ಹಳೆಯದಕ್ಕೆ ಜಾಸ್ತಿ. ಇವೆರಡೂ ಬೇರೆ ಬೇರೆ ಗುಣಗಳು. ಕೈಪಿಡಿಯ ಮೈಕ್ರೋವೋಲ್ಟ್ ಅಂಕಿ ಮೊದಲನೆಯದನ್ನು ಮಾತ್ರ ಹೇಳುತ್ತದೆ, ಅಂಕಿ ಚಿಕ್ಕದಾದಷ್ಟೂ ಕಿವಿ ಚುರುಕು. ಎರಡನೆಯದರ ಬಗ್ಗೆ ಬಾಯಿ ಬಿಡುವುದಿಲ್ಲ. ಮಹಡಿ ಮೇಲೆ ಆಂಟೆನಾ ಕಟ್ಟಿದವರಿಗೆ ಹೆಚ್ಚು ಬೇಕಾದದ್ದು ಎರಡನೆಯದೇ.

ಪ್ರೀಆಂಪ್, ಅಂದರೆ ಸ್ಕ್ಯಾನರ್‌ಗೆ ಮುಂಚೆಯೇ ಸಿಗ್ನಲ್ ಹಿಗ್ಗಿಸುವ ಆಂಪ್ಲಿಫೈಯರ್, ಸದ್ಯಕ್ಕೆ ಬೇಡ. ಕಾರಣ ಮುಂದೆ ಬರುತ್ತದೆ.

ಮೊದಲು ಆ ಅಂಕಿಯನ್ನೇ ನೋಡೋಣ. ಅದನ್ನು ಅಳೆಯುವುದು ಹೀಗೆ. ಸಿಗ್ನಲ್ ಜನರೇಟರ್ ಅನ್ನೋ ಉಪಕರಣದಿಂದ ಬಹಳ ಸಣ್ಣ ಸಿಗ್ನಲ್ ಒಂದನ್ನು ನೇರವಾಗಿ ಸ್ಕ್ಯಾನರ್‌ನ ಆಂಟೆನಾ ಸಾಕೆಟ್‌ಗೆ ಕೊಡುತ್ತಾರೆ. ಆ ಸಿಗ್ನಲ್ ಮೇಲೆ 1000 ಹರ್ಟ್ಸ್‌ನ ಒಂದು ಶಿಳ್ಳೆ ಕೂತಿರುತ್ತದೆ. ಸ್ಪೀಕರ್ ಕಡೆ ಬರುವ ಒಟ್ಟು ಸದ್ದು ಎಷ್ಟು, ಅದರಲ್ಲಿ ಶಿಳ್ಳೆ ತೆಗೆದರೆ ಉಳಿಯುವ ಸುಯ್ ಎನ್ನುವ ಗದ್ದಲ ಮತ್ತು ಒಡಕು ಎಷ್ಟು ಅಂತ ಅಳೆಯುತ್ತಾರೆ. ಸಿಗ್ನಲ್ಲನ್ನು ಇಳಿಸುತ್ತಾ ಹೋಗುತ್ತಾರೆ. ಒಟ್ಟು ಸದ್ದಿನ ವೋಲ್ಟೇಜ್ ಗದ್ದಲದ ನಾಲ್ಕು ಪಟ್ಟಿಗೆ ಬಂದು ನಿಂತಾಗ ಅದು 12 ಡಿಬಿ ಸಿನಾಡ್. ಸಿನಾಡ್ ಅನ್ನೋದು ಈ ಒಟ್ಟು ಸದ್ದಿಗೂ ಗದ್ದಲಕ್ಕೂ ಇರುವ ಅನುಪಾತ. ಡಿಬಿ ಅಂದರೆ ಡೆಸಿಬೆಲ್, ಒಂದು ಇನ್ನೊಂದರ ಎಷ್ಟು ಪಟ್ಟು ಅಂತ ಹೇಳುವ ಅಳತೆ. ಎಫ್‌ಎಂ ರಿಸೀವರ್‌ಗಳ ಸೆನ್ಸಿಟಿವಿಟಿಯನ್ನು ಸಾಮಾನ್ಯವಾಗಿ ಇಲ್ಲಿ ಬರೆದುಕೊಳ್ಳುತ್ತಾರೆ. ಮಾತು ಅರ್ಥವಾಗುತ್ತದೆ, ಆದರೆ ಹಿಂದೆ ಸುಯ್ ಎನ್ನುವ ಸದ್ದು ಚೆನ್ನಾಗೇ ಇರುತ್ತದೆ. ವಿಮಾನಗಳು ಬಳಸುವ ಎಎಂ ಮಾತಿಗೆ ಸಾಮಾನ್ಯವಾಗಿ 10 ಡಿಬಿ ಗುರುತು ಇಟ್ಟುಕೊಳ್ಳುತ್ತಾರೆ.

0.5ಕ್ಕೂ 0.2ಕ್ಕೂ ನಡುವಿನ ಅಂತರ ಡಿಬಿ ಲೆಕ್ಕದಲ್ಲಿ ಸುಮಾರು 8. ಇದು ಸಣ್ಣ ಅಂತರವೇನಲ್ಲ. ಆದರೆ ಎರಡೂ ಅಂಕಿಗಳನ್ನು ಒಂದೇ ತಕ್ಕಡಿಯಲ್ಲಿ ತೂಗಿದ್ದಾರಾ ಅಂತ ಮೊದಲು ನೋಡಿ. ಕೆಲವರು ಜನರೇಟರ್‌ಗೆ ಏನೂ ಜೋಡಿಸದೆ ಇದ್ದಾಗಿನ ವೋಲ್ಟೇಜ್ ಬರೆಯುತ್ತಾರೆ. ಕೆಲವರು ಸ್ಕ್ಯಾನರ್ ಜೋಡಿಸಿದ ಮೇಲೆ ಸಾಕೆಟ್‌ನಲ್ಲಿ ನಿಜವಾಗಿ ಇರುವ ವೋಲ್ಟೇಜ್ ಬರೆಯುತ್ತಾರೆ. ಮೊದಲನೆಯದು ಎರಡನೆಯದರ ಎರಡು ಪಟ್ಟು. ಅಂದರೆ ಒಬ್ಬರು ಬರೆದ 0.5, ಇನ್ನೊಬ್ಬರು ಬರೆದ 0.25ಕ್ಕೆ ಸಮ. ಅಷ್ಟರಲ್ಲೇ 6 ಡಿಬಿ ಮಾಯ! ಶಿಳ್ಳೆಯನ್ನು ಎಷ್ಟು ಡೀವಿಯೇಶನ್‌ನಲ್ಲಿ ಕೊಟ್ಟರು, ಅಂದರೆ ಅದು ಸಿಗ್ನಲ್‌ನ ಫ್ರೀಕ್ವೆನ್ಸಿಯನ್ನು ಎಷ್ಟು ಆಚೀಚೆ ಅಲುಗಿಸಿತು ಅನ್ನೋದೂ ಲೆಕ್ಕಕ್ಕೆ ಬರುತ್ತದೆ. 3 ಕಿಲೋಹರ್ಟ್ಸ್‌ನಲ್ಲಿ ಅಳೆದದ್ದನ್ನೂ 1.5ರಲ್ಲಿ ಅಳೆದದ್ದನ್ನೂ ಪಕ್ಕಪಕ್ಕ ಇಟ್ಟರೆ ತಾಳೆಯಾಗುವುದಿಲ್ಲ. ಇನ್ನೊಂದು ಮಾತು. ಒಂದೇ ಸ್ಕ್ಯಾನರ್‌ನಲ್ಲೂ ಬ್ಯಾಂಡಿನಿಂದ ಬ್ಯಾಂಡಿಗೆ ಈ ಅಂಕಿ ಬದಲಾಗುತ್ತದೆ. 150 ಮೆಗಾಹರ್ಟ್ಸ್ ಹತ್ತಿರ ಚುರುಕಾಗಿರುವುದು 850ರ ಹತ್ತಿರ ಮಂದ ಇರಬಹುದು. ಜಾಹೀರಾತಿನಲ್ಲಿ ಕಾಣುವುದು ಅದರಲ್ಲಿ ಚೆಂದದ ಅಂಕಿ ಅಷ್ಟೇ.

ಇಷ್ಟಾದರೂ ಆ ಅಂಕಿ ಕೆಲಸಕ್ಕೆ ಬಾರದ್ದು ಅಂತ ನಾನು ಹೇಳುತ್ತಿಲ್ಲ. ಅದಕ್ಕೆ ಪ್ರಕೃತಿಯೇ ಹಾಕಿದ ಒಂದು ಮಿತಿ ಇದೆ. ಅದನ್ನು ತಿಳಿದುಕೊಂಡರೆ ಉಳಿದದ್ದು ಸುಲಭ. ಬಿಸಿ ಇರುವ ಯಾವ ವಸ್ತುವಿನಲ್ಲೂ ಎಲೆಕ್ಟ್ರಾನ್‌ಗಳು ಅಲುಗಾಡುತ್ತಲೇ ಇರುತ್ತವೆ. ಆ ಅಲುಗಾಟವೇ ಒಂದು ಗದ್ದಲ. 1928ರಲ್ಲಿ ಜಾನ್ಸನ್ ಅದನ್ನು ಅಳೆದು ತೋರಿಸಿದರು, ನೈಕ್ವಿಸ್ಟ್ ಅದರ ಲೆಕ್ಕ ಕೊಟ್ಟರು. ಮಾಮೂಲಿ ಕೋಣೆಯ ಬಿಸಿಯಲ್ಲಿ ಒಂದು ಹರ್ಟ್ಸ್ ಅಗಲಕ್ಕೆ ಅದು ಮೈನಸ್ 174 ಡಿಬಿಎಂ. ಡಿಬಿಎಂ ಅಂದರೆ ಒಂದು ಮಿಲಿವ್ಯಾಟ್‌ಗೆ ಹೋಲಿಸಿ ಹೇಳುವ ಡಿಬಿ. ಸ್ಕ್ಯಾನರ್ ಒಂದು ಸಲಕ್ಕೆ ಸುಮಾರು 12.5 ಕಿಲೋಹರ್ಟ್ಸ್ ಅಗಲವನ್ನು ಕೇಳುತ್ತದೆ ಅಂದುಕೊಳ್ಳಿ. ಆಗ ಅದರ ಒಳಕ್ಕೆ ಬರುವ ಗದ್ದಲ ಮೈನಸ್ 133 ಡಿಬಿಎಂ. ಸ್ಕ್ಯಾನರ್ ತನ್ನದೇ ಗದ್ದಲವನ್ನು ಒಂದಿಷ್ಟು ಸೇರಿಸುತ್ತದೆ, 8 ಡಿಬಿ ಅನ್ನಿ. ಮಾತು ಅರ್ಥವಾಗಲು ಸಿಗ್ನಲ್ ಆ ಗದ್ದಲಕ್ಕಿಂತ ಇನ್ನೊಂದು 6 ಡಿಬಿ ಮೇಲಿರಬೇಕು. ಕೂಡಿದರೆ ಮೈನಸ್ 119. ಅದು 50 ಓಮ್‌ನಲ್ಲಿ 0.25 ಮೈಕ್ರೋವೋಲ್ಟ್. ಹಾಗಾಗಿ 0.2 ಅನ್ನೋದು ನಂಬಬಹುದಾದ ಒಳ್ಳೆಯ ಅಂಕಿ. 0.05 ಅಂತ ಯಾರಾದರೂ ಬರೆದಿದ್ದರೆ ಅಳೆದದ್ದು ಹೇಗೆ ಅಂತ ಕೇಳಿ. ಆ ಅಂಕಿ ಲೆಕ್ಕಕ್ಕೆ ಕೂರುವುದಿಲ್ಲ.

ಈಗ ಪ್ರಯೋಗಾಲಯ ಬಿಟ್ಟು ಮಹಡಿಗೆ ಬರೋಣ. ಅಲ್ಲಿ ಆಂಟೆನಾಗೆ ಬೀಳುವ ಗದ್ದಲ ಬೇರೆಯೇ. ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರ್, ಸೋಲಾರ್ ಇನ್ವರ್ಟರ್, ಕಂಪ್ಯೂಟರ್, ವಾಹನಗಳ ಕಿಡಿ, ಎಲ್ಲವೂ ರೇಡಿಯೋ ಗದ್ದಲ ಉಗುಳುತ್ತವೆ. ಐಟಿಯು ಅನ್ನೋ ಅಂತರರಾಷ್ಟ್ರೀಯ ಸಂಸ್ಥೆ ಈ ಗದ್ದಲದ ಅಂದಾಜಿಗೆ ಸೂತ್ರಗಳನ್ನು ಕೊಟ್ಟಿದೆ. ಜನವಸತಿ ಇರುವ ಬಡಾವಣೆಯಲ್ಲಿ 150 ಮೆಗಾಹರ್ಟ್ಸ್ ಹತ್ತಿರ ಅದು ಪ್ರಕೃತಿಯ ಮಿತಿಗಿಂತ ಸುಮಾರು 12 ಡಿಬಿ ಮೇಲೆ ಬರುತ್ತದೆ. 30 ಮೆಗಾಹರ್ಟ್ಸ್‌ನಲ್ಲಿ 31 ಡಿಬಿ ದಾಟುತ್ತದೆ. ಫ್ರೀಕ್ವೆನ್ಸಿ ಏರಿದಷ್ಟೂ ಇದು ಇಳಿಯುತ್ತದೆ.

ಇದರ ಪರಿಣಾಮ ಏನು? ಒಂದು ಸ್ಕ್ಯಾನರ್‌ನ ಸ್ವಂತ ಗದ್ದಲ 8 ಡಿಬಿ, ಇನ್ನೊಂದರದು 4 ಡಿಬಿ ಅಂದುಕೊಳ್ಳಿ. ಕೈಪಿಡಿಯಲ್ಲಿ 4 ಡಿಬಿ ಅಂತರ. ಅವೆರಡನ್ನೂ ಆ ಬಡಾವಣೆಯಲ್ಲಿ 150 ಮೆಗಾಹರ್ಟ್ಸ್‌ನ ಒಳ್ಳೆಯ ಆಂಟೆನಾಗೆ ಜೋಡಿಸಿ, ಒಟ್ಟು ಗದ್ದಲ ಲೆಕ್ಕ ಹಾಕಿ. ಅಂತರ 1 ಡಿಬಿಯೂ ಉಳಿಯುವುದಿಲ್ಲ. ಹೊರಗಿನ ಗದ್ದಲ ಎರಡನ್ನೂ ನುಂಗಿಬಿಡುತ್ತದೆ. 30ರಿಂದ 50 ಮೆಗಾಹರ್ಟ್ಸ್‌ನಲ್ಲಂತೂ ಅಂತರ ಸೊನ್ನೆ ಅಂತಲೇ ಹೇಳಬಹುದು. 450 ದಾಟಿ 800ರ ಕಡೆ ಹೋದರೆ ಮಾತ್ರ ಸ್ಕ್ಯಾನರ್‌ನ ಸ್ವಂತ ಚುರುಕಿಗೆ ಬೆಲೆ ಬರುತ್ತದೆ. ಅಲ್ಲಿ ಪ್ರತಿ ಡಿಬಿಯೂ ಲೆಕ್ಕಕ್ಕೆ ಸಿಗುತ್ತದೆ.

ನಿಮ್ಮ ಮನೆಯ ಗದ್ದಲ ಎಷ್ಟು ಅಂತ ನೀವೇ ನೋಡಬಹುದು. ಐದು ನಿಮಿಷದ ಕೆಲಸ. ಹೊಸ ಸ್ಕ್ಯಾನರ್‌ಗೆ ಆಂಟೆನಾ ಬದಲು 50 ಓಮ್‌ನ ಡಮ್ಮಿ ಲೋಡ್ ಹಾಕಿ. ಬೆರಳಿನ ತುದಿಯಷ್ಟೇ ಇರುವ ಸಣ್ಣ ಮುಚ್ಚಳ ಅದು. 118ರಿಂದ 137 ಮೆಗಾಹರ್ಟ್ಸ್ ನಡುವೆ ಯಾರೂ ಮಾತಾಡದ ಒಂದು ಚಾನೆಲ್‌ನಲ್ಲಿ ನಿಲ್ಲಿಸಿ. ಮೋಡ್ ಎಎಂ ಇರಲಿ. ಸಿಗ್ನಲ್ ಇಲ್ಲದಾಗ ಸದ್ದನ್ನು ಮುಚ್ಚಿಡುವ ಸ್ಕ್ವೆಲ್ಚನ್ನು ಪೂರ್ತಿ ಬಿಚ್ಚಿ. ಸುಯ್ ಅನ್ನೋ ಸದ್ದು ಕೇಳುತ್ತದೆ. ಅದು ಸ್ಕ್ಯಾನರ್‌ನದೇ ಉಸಿರು. ವಾಲ್ಯೂಮ್ ಮುಟ್ಟಬೇಡಿ. ಈಗ ಡಮ್ಮಿ ತೆಗೆದು ಮಹಡಿಯ ಕೇಬಲ್ ಸಿಕ್ಕಿಸಿ. ಸದ್ದು ಹಾಗೇ ಇದ್ದರೆ ಹೊರಗಿನ ಗದ್ದಲ ಕಡಿಮೆ, ಇನ್ನೂ ಚುರುಕು ಕಿವಿ ಇದ್ದರೆ ಉಪಯೋಗ ಉಂಟು. ಸದ್ದು ದಪ್ಪಗಾಗಿ ಏರಿದರೆ, ಹೊರಗಿನ ಗದ್ದಲವೇ ಯಜಮಾನ. ಆಗ ಇನ್ನೂ ಚುರುಕಾದ ಸ್ಕ್ಯಾನರ್ ತಂದರೂ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ಇದನ್ನು ಎಫ್‌ಎಂ ಮೋಡ್‌ನಲ್ಲಿ ಮಾಡಿದರೆ ಏನೂ ಗೊತ್ತಾಗುವುದಿಲ್ಲ. ಎಫ್‌ಎಂ ರಿಸೀವರ್ ಗದ್ದಲ ಚಿಕ್ಕದಿರಲಿ ದೊಡ್ಡದಿರಲಿ ಅದನ್ನು ಒಂದೇ ಮಟ್ಟಕ್ಕೆ ಕತ್ತರಿಸಿ ಕೊಡುತ್ತದೆ.

ಹೊಸ ಸ್ಕ್ಯಾನರ್ ವಿಷಯದಲ್ಲಿ ಮಾತ್ರ ಇನ್ನೊಂದು ಸಾಧ್ಯತೆ ಇದೆ. ಕೇಬಲ್ ಸಿಕ್ಕಿಸಿದಾಗ ಏರಿದ ಸದ್ದು ಹೊರಗಿನ ಗದ್ದಲವೇ ಆಗಬೇಕಿಲ್ಲ. ಅದು ಸ್ಕ್ಯಾನರ್ ಒಳಗೇ ಹುಟ್ಟಿದ್ದೂ ಇರಬಹುದು. ನಿಮ್ಮ ಪತ್ರದ ಆ ಒಡಕು ಹಾಡು ಇಲ್ಲಿಯೇ ಬೆರಳು ತೋರಿಸುತ್ತಿದೆ.

88ರಿಂದ 108 ಮೆಗಾಹರ್ಟ್ಸ್‌ನಲ್ಲಿ ಎಫ್‌ಎಂ ಬಾನುಲಿ ಕೇಂದ್ರಗಳಿವೆ. ಅವುಗಳ ಶಕ್ತಿ ಕಿಲೋವ್ಯಾಟ್‌ಗಳಲ್ಲಿ. ನೀವು ಕೇಳಬೇಕಾದ ವಿಮಾನದ ರೇಡಿಯೋ ಕೆಲವೇ ವ್ಯಾಟ್, ಅದೂ ನೂರಾರು ಕಿಲೋಮೀಟರ್ ದೂರದಿಂದ. ರಬ್ಬರ್ ಆಂಟೆನಾ ಎರಡನ್ನೂ ಸ್ವಲ್ಪ ಸ್ವಲ್ಪವೇ ಹಿಡಿಯುತ್ತದೆ. ಮಹಡಿ ಆಂಟೆನಾ ಎರಡನ್ನೂ ಬಾಚಿಕೊಂಡು ತಂದು ಸುರಿಯುತ್ತದೆ. ಒಂದೇ ಪೆಟ್ಟಿಗೆಯಲ್ಲಿ 25ರಿಂದ 1300 ಮೆಗಾಹರ್ಟ್ಸ್ ತನಕ ಕೇಳುವ ಸ್ಕ್ಯಾನರ್‌ನ ಮುಂಬಾಗಿಲು ಅಗಲವಾಗಿಯೇ ಇರಬೇಕಾಗುತ್ತದೆ. ಆ ಬಾಗಿಲಿನಲ್ಲಿ ಬಾನುಲಿ ಕೇಂದ್ರಗಳೂ ನುಗ್ಗಿ ಮೊದಲ ಆಂಪ್ಲಿಫೈಯರ್ ಮೇಲೆ ಕೂತುಬಿಡುತ್ತವೆ. ಅದು ಭಾರ ತಾಳಲಾರದೆ ಎರಡು ತಪ್ಪು ಮಾಡುತ್ತದೆ. ಒಂದು, ಸಣ್ಣ ಸಿಗ್ನಲ್‌ಗಳನ್ನು ಸರಿಯಾಗಿ ಹಿಗ್ಗಿಸುವುದಿಲ್ಲ, ಅಂದರೆ ಕಿವಿ ಮಂದವಾಗುತ್ತದೆ. ಎರಡು, ಇಲ್ಲದ ಸಿಗ್ನಲ್‌ಗಳನ್ನು ಹುಟ್ಟಿಸುತ್ತದೆ. 107 ಮತ್ತು 93 ಮೆಗಾಹರ್ಟ್ಸ್‌ನಲ್ಲಿ ಎರಡು ಬಲವಾದ ಕೇಂದ್ರಗಳಿವೆ ಅನ್ನಿ. 107ರ ಎರಡರಷ್ಟು 214. ಅದರಲ್ಲಿ 93 ಕಳೆದರೆ 121. ವಿಮಾನಗಳ ಬ್ಯಾಂಡಿನ ಒಳಗೇ ಬಂದು ಬಿತ್ತಲ್ವಾ! ಇದಕ್ಕೆ ಇಂಟರ್‌ಮಾಡ್ಯುಲೇಶನ್ ಅನ್ನುತ್ತಾರೆ. ಎಫ್‌ಎಂ ಹಾಡನ್ನು ಎಎಂ ಮೋಡ್‌ನಲ್ಲಿ ಕೇಳುವುದರಿಂದ ಅದು ಒಡಕಾಗಿ ಕೇಳುತ್ತದೆ.

ಹಾಡು ನುಸುಳಲು ಇನ್ನೊಂದು ದಾರಿಯೂ ಇದೆ. ಅದಕ್ಕೆ ಇಮೇಜ್ ಅಂತ ಹೆಸರು. ಬಂದ ಸಿಗ್ನಲ್ಲನ್ನು ಸ್ಕ್ಯಾನರ್ ಒಳಗೆ ಮೊದಲು ಒಂದು ಗೊತ್ತಾದ ಫ್ರೀಕ್ವೆನ್ಸಿಗೆ ಬದಲಿಸಿಕೊಳ್ಳುತ್ತದೆ, ಅದೇ ಮಧ್ಯದ ಫ್ರೀಕ್ವೆನ್ಸಿ. ಮಧ್ಯದ ಫ್ರೀಕ್ವೆನ್ಸಿ 10.7 ಮೆಗಾಹರ್ಟ್ಸ್ ಇರುವ ಸ್ಕ್ಯಾನರ್‌ಗಳಲ್ಲಿ, ಕೇಳಬೇಕಾದ ಜಾಗದಿಂದ 21.4 ಮೆಗಾಹರ್ಟ್ಸ್ ದೂರದ ಸಿಗ್ನಲ್ ಕೂಡ ಒಳಗೆ ಬರಬಹುದು. 121.5ರಲ್ಲಿ ಕೂತರೆ 100.1ರ ಕೇಂದ್ರ ಕೇಳಿಸುವುದು ಹೀಗೆ. ಇದನ್ನು ತಪ್ಪಿಸಲೆಂದೇ ಈಚಿನ ಸ್ಕ್ಯಾನರ್‌ಗಳಲ್ಲಿ ಮೊದಲ ಮಧ್ಯ ಫ್ರೀಕ್ವೆನ್ಸಿಯನ್ನು ನೂರಾರು ಮೆಗಾಹರ್ಟ್ಸ್‌ಗೆ ಏರಿಸಿರುತ್ತಾರೆ. ಹಾಗಾಗಿ ನಿಮ್ಮ ಹೊಸದರಲ್ಲಿ ಕಾಟ ಕೊಡುತ್ತಿರುವುದು ಇಮೇಜ್‌ಗಿಂತ ಇಂಟರ್‌ಮಾಡ್ಯುಲೇಶನ್ ಅಂತಲೇ ನನ್ನ ಅಂದಾಜು.

ಅಂದಾಜು ಸಾಕಾಗುವುದಿಲ್ಲ, ಪರೀಕ್ಷಿಸಿ. ಕೇಬಲ್‌ಗೂ ಸ್ಕ್ಯಾನರ್‌ಗೂ ನಡುವೆ 10 ಡಿಬಿಯ ಒಂದು ಅಟೆನ್ಯುಯೇಟರ್ ಸಿಕ್ಕಿಸಿ. ಬರುವ ಎಲ್ಲ ಸಿಗ್ನಲ್‌ಗಳನ್ನೂ ಹತ್ತರಲ್ಲಿ ಒಂದು ಪಾಲಿಗೆ ಇಳಿಸುವ ತುಣುಕು ಅದು. ನಿಜವಾದ ಸಿಗ್ನಲ್ ಆದರೆ 10 ಡಿಬಿ ಇಳಿಯುತ್ತದೆ. ಒಳಗೆ ಹುಟ್ಟಿದ ಇಂಥ ಕಲಬೆರಕೆ ಸಿಗ್ನಲ್ 30 ಡಿಬಿ ಇಳಿಯುತ್ತದೆ. ಕಿವಿಗೆ ಇದು ಮಾಯಾಜಾಲದ ಹಾಗೆ ಕೇಳುತ್ತದೆ. ಹಾಡು ಮಂಗಮಾಯ. ಗೊರಗೊರದ ಅಡಿಯಲ್ಲಿ ಹೂತಿದ್ದ ಪೈಲಟ್ ದನಿ ಎದ್ದು ಬರುತ್ತದೆ. ಸಿಗ್ನಲ್ ಕಡಿಮೆ ಮಾಡಿದರೆ ಜಾಸ್ತಿ ಕೇಳಿಸಿತು! ಮೊದಲ ಸಲ ಇದನ್ನು ಕೇಳಿದಾಗ ನಾನು ಅಟೆನ್ಯುಯೇಟರ್ ಹಾಕಿ ತೆಗೆದು ಹಾಕಿ ತೆಗೆದು ಅರ್ಧ ಗಂಟೆ ಕಳೆದೆ. ಪುಸ್ತಕದಲ್ಲಿ ಓದಿದ್ದು ಕಿವಿಗೆ ಬಿದ್ದಾಗ ಆಗುವ ಖುಷಿಯೇ ಬೇರೆ. ಸ್ಕ್ಯಾನರ್‌ನ ಮೆನುವಿನಲ್ಲೇ ಅಟೆನ್ಯುಯೇಟರ್ ಇದ್ದರೆ ಅದನ್ನೇ ಒತ್ತಿ ನೋಡಬಹುದು. ಹಾಕಿದ ಕೂಡಲೇ ಸುಧಾರಿಸಿದರೆ ರೋಗ ಗೊತ್ತಾಯಿತು. ಸುಧಾರಿಸದೆ ಇನ್ನೂ ಮಂಕಾದರೆ ಕಾರಣ ಬೇರೆ ಎಲ್ಲೋ ಇದೆ.

ಇಲ್ಲಿಗೆ ಪ್ರೀಆಂಪ್ ಯಾಕೆ ಬೇಡ ಅನ್ನೋದು ನಿಮಗೇ ಹೊಳೆದಿರಬೇಕು. ಈಗಾಗಲೇ ಭಾರ ತಾಳದ ಸ್ಕ್ಯಾನರ್ ಮೇಲೆ ಅದು ಇನ್ನೊಂದು 15, 20 ಡಿಬಿ ಹೇರುತ್ತದೆ.

ಸರಿ, ಎರಡನ್ನೂ ನ್ಯಾಯವಾಗಿ ಹೋಲಿಸುವುದು ಹೇಗೆ? ಮೊದಲು ಹೇಗೆ ಹೋಲಿಸಬಾರದು ಅಂತ ಹೇಳುತ್ತೇನೆ. ತಪ್ಪು ತೀರ್ಪುಗಳೆಲ್ಲ ಹುಟ್ಟುವುದು ಅಲ್ಲೇ.

ರಬ್ಬರ್ ಆಂಟೆನಾ ಹಾಕಿ ಮೇಜಿನ ಮೇಲೆ ಪಕ್ಕಪಕ್ಕ ಇಟ್ಟು ಹೋಲಿಸಬೇಡಿ. ಒಮ್ಮೆ ಇಬ್ಬರು ಗೆಳೆಯರು ಹೀಗೇ ಎರಡು ಸ್ಕ್ಯಾನರ್ ಇಟ್ಟುಕೊಂಡು ವಾದಕ್ಕೆ ಬಿದ್ದಿದ್ದರು. ಒಂದರಲ್ಲಿ ಮಾತು ಸ್ಪಷ್ಟ, ಇನ್ನೊಂದರಲ್ಲಿ ಬರೀ ಸುಯ್. ನಾನು ಏನೂ ಹೇಳದೆ ಎರಡರ ಜಾಗ ಅದಲುಬದಲು ಮಾಡಿದೆ. ಸ್ಪಷ್ಟವಾಗಿದ್ದದ್ದು ಮಂಕಾಯಿತು, ಮಂಕಾಗಿದ್ದದ್ದು ಸ್ಪಷ್ಟವಾಯಿತು. ಗೋಡೆ, ಬೀರು, ಕಿಟಕಿ ಸರಳು, ನಮ್ಮ ಮೈ, ಎಲ್ಲದಕ್ಕೂ ಬಡಿದು ಬರುವ ಅಲೆಗಳು ಕೋಣೆಯೊಳಗೆ ಏರು ತಗ್ಗುಗಳನ್ನು ಮಾಡುತ್ತವೆ. 450 ಮೆಗಾಹರ್ಟ್ಸ್‌ನಲ್ಲಿ ಅಲೆಯ ಉದ್ದ 67 ಸೆಂಟಿಮೀಟರ್. ಏರಿನಿಂದ ತಗ್ಗಿಗೆ ಬರಲು ಸುಮಾರು 17 ಸೆಂಟಿಮೀಟರ್, ಅಂದರೆ ಒಂದು ಗೇಣಿಗಿಂತ ಕಡಿಮೆ ಸರಿದರೆ ಸಾಕು. ಸಿಗ್ನಲ್ 10, 20 ಡಿಬಿ ಕುಸಿಯಬಹುದು. ನೀವು ಹುಡುಕುತ್ತಿರುವ ಅಂತರ ಅದಕ್ಕಿಂತ ಚಿಕ್ಕದು. ಅಲ್ಲದೆ ಪ್ರತಿ ಸ್ಕ್ಯಾನರ್ ಒಳಗೂ ತನ್ನದೇ ಅಲೆ ಹುಟ್ಟಿಸುವ ಒಂದು ಆಸಿಲೇಟರ್ ಇರುತ್ತದೆ. ಅದರಿಂದ ಸ್ವಲ್ಪ ಅಲೆ ಹೊರಗೆ ಸೋರುತ್ತದೆ. ಪಕ್ಕದಲ್ಲೇ ಇದ್ದರೆ ಒಂದು ಇನ್ನೊಂದರ ಕಿವಿಗೆ ಕೂಗಿದಂತೆ.

ತೆರೆಯ ಮೇಲಿನ ಸಿಗ್ನಲ್ ಕಡ್ಡಿಗಳನ್ನು ಎಣಿಸಬೇಡಿ. ಒಂದು ಸ್ಕ್ಯಾನರ್‌ನ ಮೂರು ಕಡ್ಡಿಗೂ ಇನ್ನೊಂದರ ಐದು ಕಡ್ಡಿಗೂ ಸಂಬಂಧವೇ ಇಲ್ಲ. ಒಂದೇ ಕಂಪನಿಯ ಎರಡು ಮಾದರಿಗಳಲ್ಲೂ ಅಳತೆ ಬೇರೆ ಇರಬಹುದು.

ಸ್ಕ್ಯಾನ್ ಓಡಿಸುತ್ತಾ ಯಾವುದು ಜಾಸ್ತಿ ಸಲ ನಿಂತಿತು ಅಂತಲೂ ಲೆಕ್ಕ ಇಡಬೇಡಿ. ಅದು ಸ್ಕ್ವೆಲ್ಚ್ ಬಾಗಿಲಿನ ಪರೀಕ್ಷೆ, ಕಿವಿಯದಲ್ಲ. ಒಂದು ಸ್ಕ್ಯಾನರ್‌ನ ಸ್ಕ್ವೆಲ್ಚ್ ಬೇಗ ತೆರೆಯುತ್ತದೆ, ಇನ್ನೊಂದರದು ಬಿಗಿ. ಒಂದು ಬೇಗ ಓಡುತ್ತದೆ, ಇನ್ನೊಂದು ನಿಧಾನ. ಎರಡನ್ನೂ ಒಂದೇ ಚಾನೆಲ್‌ನಲ್ಲಿ ಹೋಲ್ಡ್ ಮಾಡಿ, ಸ್ಕ್ವೆಲ್ಚ್ ಬಿಚ್ಚಿ ಕೇಳಬೇಕು. ಸ್ಪೀಕರ್ ಕೂಡ ಮೋಸ ಮಾಡುತ್ತದೆ. ದೊಡ್ಡ ಸ್ಪೀಕರ್‌ನಲ್ಲಿ ದನಿ ತುಂಬಿ ಬರುತ್ತದೆ, ಚಿಕ್ಕದರಲ್ಲಿ ಕೀರಲು. ಒಂದೇ ಹೆಡ್‌ಫೋನನ್ನು ಎರಡಕ್ಕೂ ಸಿಕ್ಕಿಸಿ.

ಮೋಡ್ ಮರೆಯಬೇಡಿ. ಇದರಲ್ಲಿ ಎಷ್ಟೋ ಜನ ಎಡವುತ್ತಾರೆ. ಕಿರಿದಾದ ಎಫ್‌ಎಂ ಸಿಗ್ನಲ್ಲನ್ನು ಅಗಲದ ಎಫ್‌ಎಂ ಸೆಟ್ಟಿಂಗ್‌ನಲ್ಲಿ ಕೇಳಿದರೆ ದನಿ ಸಣ್ಣಗಾಗುತ್ತದೆ, ಗದ್ದಲ ಜಾಸ್ತಿ ಒಳಗೆ ಬರುತ್ತದೆ. ಸ್ಕ್ಯಾನರ್ ಕಿವುಡು ಅನ್ನಿಸುತ್ತದೆ. ಸೆಟ್ಟಿಂಗ್ ಒಂದನ್ನು ಬದಲಿಸಿದರೆ ಕಿವಿ ಬಂದುಬಿಡುತ್ತದೆ.

ಈಗ ಸರಿಯಾದ ದಾರಿ. ಬೇಕಾಗುವುದು 3, 6, 10 ಮತ್ತು 20 ಡಿಬಿಯ ನಾಲ್ಕು ಅಟೆನ್ಯುಯೇಟರ್ ತುಣುಕುಗಳು, ಒಂದು ಕಾಗದ, ಒಂದು ಪೆನ್ನು. ಮಹಡಿಯ ಆಂಟೆನಾ ಒಂದೇ ಇರಲಿ. ಕೇಬಲ್ಲನ್ನು ಒಂದರಿಂದ ಬಿಚ್ಚಿ ಇನ್ನೊಂದಕ್ಕೆ ಹಾಕುತ್ತಾ ಹೋಗಿ. ಎರಡನ್ನೂ ಒಟ್ಟಿಗೇ ಕೇಳಬೇಕು ಅನ್ನಿಸಿದರೆ ಸ್ಪ್ಲಿಟರ್ ಬಳಸಬಹುದು. ಅದು ಎರಡೂ ಕಡೆ 3 ಡಿಬಿಗಿಂತ ತುಸು ಜಾಸ್ತಿ ಕಳೆಯುತ್ತದೆ. ಎರಡಕ್ಕೂ ಸಮನಾಗಿ ಕಳೆಯುವುದರಿಂದ ಹೋಲಿಕೆಗೆ ಅಡ್ಡಿಯಿಲ್ಲ. ಆದರೂ ನಡುವೆ ಒಮ್ಮೆ ಕಡೆಗಳನ್ನು ಬದಲಿಸಿ ನೋಡಿ.

ಸಿಗ್ನಲ್ ಸ್ಥಿರವಾಗಿರಬೇಕು. ಹಾರುವ ವಿಮಾನದ ಮಾತು ಇದಕ್ಕೆ ಆಗುವುದಿಲ್ಲ, ಅದು ಕ್ಷಣಕ್ಕೊಂದು ಕಡೆ ಇರುತ್ತದೆ. ವಿಮಾನ ನಿಲ್ದಾಣಗಳ ಏಟಿಸ್ ಬಹಳ ಒಳ್ಳೆಯದು. ಗಾಳಿ, ಮೋಡ, ಬಳಸುತ್ತಿರುವ ರನ್‌ವೇ ಇವನ್ನು ಒಂದೇ ಜಾಗದಿಂದ ಮತ್ತೆ ಮತ್ತೆ ಓದುವ ರೆಕಾರ್ಡ್ ದನಿ ಅದು. ಹ್ಯಾಮ್‌ಗಳ, ಅಂದರೆ ಹವ್ಯಾಸಿ ರೇಡಿಯೋದವರ, ಒಂದೇ ಜಾಗದಿಂದ ಸಿಗ್ನಲ್ ಕಳಿಸುತ್ತಿರುವ ಬೀಕನ್ ಕೂಡ ಆಗುತ್ತದೆ.

ಸಿಗ್ನಲ್ ಹಿಡಿದು ಹೋಲ್ಡ್ ಮಾಡಿ. ಅಟೆನ್ಯುಯೇಟರ್‌ಗಳನ್ನು ಒಂದೊಂದಾಗಿ, ಆಮೇಲೆ ಜೋಡಿಸಿ ಹಾಕುತ್ತಾ ಹೋಗಿ. 6, 10, 13, 16, 20, 23, 26, ಹೀಗೆ. ಪದಗಳು ಅರ್ಥವಾಗುವ ಕೊನೆಯ ಮೆಟ್ಟಿಲನ್ನು ಬರೆದುಕೊಳ್ಳಿ. ಹಳೆಯದರಲ್ಲಿ 20ರ ತನಕ ಅರ್ಥವಾಯಿತು, ಹೊಸದರಲ್ಲಿ 26ರ ತನಕ ಅಂದುಕೊಳ್ಳಿ. ಹಾಗಿದ್ದರೆ ಆ ಫ್ರೀಕ್ವೆನ್ಸಿಯಲ್ಲಿ ಹೊಸದು 6 ಡಿಬಿ ಚುರುಕು. ಯಾವ ದೊಡ್ಡ ಉಪಕರಣವೂ ಇಲ್ಲದೆ ಸಿಕ್ಕ ಲೆಕ್ಕ ಇದು. ಒಂದು ಸಲಕ್ಕೆ ತೃಪ್ತಿಪಡಬೇಡಿ. ಹಳೆಯದು, ಹೊಸದು, ಮತ್ತೆ ಹಳೆಯದು, ಮತ್ತೆ ಹೊಸದು ಅಂತ ಮೂರು ಸುತ್ತು ಮಾಡಿ. ದೂರದ ಸಿಗ್ನಲ್‌ಗಳ ಬಲ ಹವಾಮಾನದ ಜೊತೆ ಏರಿಳಿಯುತ್ತದೆ. ಸುತ್ತಿನಿಂದ ಸುತ್ತಿಗೆ 3 ಡಿಬಿ ಆಚೀಚೆ ಆಗುತ್ತಿದ್ದರೆ, 3 ಡಿಬಿಯ ಅಂತರಕ್ಕೆ ಬೆಲೆ ಕೊಡಬೇಡಿ.

ಇನ್ನೊಂದು ಎಚ್ಚರಿಕೆ. ನಾಲ್ಕನ್ನೂ ಸೇರಿಸಿ 39 ಡಿಬಿ ಹಾಕಿದ ಮೇಲೂ ಸಿಗ್ನಲ್ ಕೇಳುತ್ತಿದ್ದರೆ ಕೇಬಲ್ ಬಿಚ್ಚಿ ನೋಡಿ. ಬಿಚ್ಚಿದ ಮೇಲೂ ಕೇಳಿದರೆ ಅದು ಆಂಟೆನಾದಿಂದ ಬರುತ್ತಿಲ್ಲ. ಸ್ಕ್ಯಾನರ್‌ನ ಪ್ಲಾಸ್ಟಿಕ್ ಮೈಯಿಂದಲೋ ಚಾರ್ಜರ್ ತಂತಿಯಿಂದಲೋ ನುಸುಳುತ್ತಿದೆ. ಅಂಥ ಹತ್ತಿರದ ಸಿಗ್ನಲ್ ಬಿಟ್ಟು ದೂರದ್ದನ್ನು ಆರಿಸಿ. ಹಾಗೆಯೇ ಪ್ರತಿ ಬ್ಯಾಂಡಿನಲ್ಲೂ ಎರಡು ಮೂರು ಕಡೆ ನೋಡಿ. ಸ್ಕ್ಯಾನರ್ ತನ್ನದೇ ಆಸಿಲೇಟರನ್ನು ಕೇಳಿಸಿಕೊಳ್ಳುವ ಜಾಗಗಳು ಕೆಲವು ಇರುತ್ತವೆ. ಬರ್ಡಿ ಅನ್ನುತ್ತಾರೆ. ಅಲ್ಲಿ ಅಳೆದರೆ ಒಳ್ಳೆಯ ಸ್ಕ್ಯಾನರೂ ಕಿವುಡಾಗಿ ಕಾಣುತ್ತದೆ.

ಈ ಪರೀಕ್ಷೆಯ ಒಳಗುಟ್ಟು ನಿಮಗೆ ಗೊತ್ತಿರಲಿ. ಅಟೆನ್ಯುಯೇಟರ್ ಹಾಕಿದಾಗ ಹೊರಗಿನ ಗದ್ದಲವೂ ಬಾನುಲಿ ಕೇಂದ್ರಗಳ ಭಾರವೂ ಸಿಗ್ನಲ್ ಜೊತೆಗೇ ಇಳಿಯುತ್ತವೆ. ಉಳಿಯುವುದು ಸ್ಕ್ಯಾನರ್‌ನ ಸ್ವಂತ ಗದ್ದಲ ಮಾತ್ರ. ಹಾಗಾಗಿ ಇಲ್ಲಿ ಸಿಗುವುದು ಕಿವಿಯ ಚುರುಕಿನ ಶುದ್ಧ ಅಳತೆ. ಇನ್ನೊಂದು ಪರೀಕ್ಷೆಯನ್ನು ಅಟೆನ್ಯುಯೇಟರ್ ಇಲ್ಲದೆ ಮಾಡಬೇಕು. ದೂರದ, ಈಗಾಗಲೇ ಮಂಕಾಗಿರುವ ಒಂದು ಸಿಗ್ನಲ್ಲನ್ನು ಎರಡರಲ್ಲೂ ನೇರವಾಗಿ ಕೇಳಿ. ಮೊದಲ ಪರೀಕ್ಷೆಯಲ್ಲಿ ಹೊಸದು ಗೆದ್ದು ಎರಡನೆಯದರಲ್ಲಿ ಹಳೆಯದು ಗೆದ್ದರೆ, ನಾನು ಮೇಲೆ ಹೇಳಿದ ಭಾರದ ಕಥೆ ನಿಮ್ಮ ಕಾಗದದ ಮೇಲೇ ಅಂಕಿಗಳಲ್ಲಿ ಕಾಣುತ್ತದೆ. ಎರಡರಲ್ಲೂ ಹಳೆಯದೇ ಗೆದ್ದರೆ ಹೊಸದರಲ್ಲಿ ಏನೋ ದೋಷ ಇದೆ.

ದೋಷಗಳ ಬಗ್ಗೆಯೂ ಎರಡು ಮಾತು. ಒಂದು ಸಲ ನನ್ನ ಹತ್ತಿರ ‘ಹುಟ್ಟಾ ಕಿವುಡು’ ಅಂತ ಒಂದು ಸ್ಕ್ಯಾನರ್ ಬಂದಿತ್ತು. ಅಟೆನ್ಯುಯೇಟರ್ ಪರೀಕ್ಷೆಯಲ್ಲಿ ನನ್ನದಕ್ಕಿಂತ 20 ಡಿಬಿಗೂ ಜಾಸ್ತಿ ಹಿಂದೆ ಬಿತ್ತು. ಆಂಟೆನಾ ತಿರುಗಿಸಿದಾಗ ಮಾತ್ರ ಒಂದು ಕ್ಷಣ ಕಿವಿ ಬಂದು ಹೋಗುತ್ತಿತ್ತು. ಮುಚ್ಚಳ ತೆಗೆದು ಭೂತಗನ್ನಡಿಯಲ್ಲಿ ನೋಡಿದೆ. ಆಂಟೆನಾ ಸಿಕ್ಕಿಸುವ ಬಿಎನ್‌ಸಿ ಸಾಕೆಟ್‌ನ ನಡುವಿನ ಪಿನ್ ಬೋರ್ಡಿಗೆ ಸೇರುವಲ್ಲಿ ಬೆಸುಗೆ ಸುತ್ತ ಕೂದಲೆಳೆಯಷ್ಟು ಉಂಗುರದ ಬಿರುಕು. ಭಾರದ ಆಂಟೆನಾ ವರ್ಷಗಟ್ಟಲೆ ಅಲುಗಾಡಿ ಮಾಡಿದ ಕೆಲಸ. ಒಂದು ಹನಿ ಹೊಸ ಬೆಸುಗೆ ಹಾಕಿದ ಮೇಲೆ ಅದು ನನ್ನದಕ್ಕೆ ಸರಿಸಮನಾಗಿ ಕೇಳಿತು. ಇದಕ್ಕಿಂತ ಬೇಸರದ ದೋಷ ಸಿಡಿಲಿನದು. ಹತ್ತಿರ ಸಿಡಿಲು ಹೊಡೆದಾಗ ಮಹಡಿಯ ಕೇಬಲ್ ಸಿಕ್ಕಿಸಿಯೇ ಇದ್ದರೆ ಮೊದಲ ಟ್ರಾನ್ಸಿಸ್ಟರ್ ಅರೆಜೀವ ಆಗಬಹುದು. ಸ್ಕ್ಯಾನರ್ ಸಾಯುವುದಿಲ್ಲ. ಬಲವಾದ ಸಿಗ್ನಲ್‌ಗಳು ಕೇಳುತ್ತಲೇ ಇರುತ್ತವೆ, ಮೆಲುದನಿಗಳು ಮಾತ್ರ ಮಾಯ. ಮಳೆ ಮೋಡ ಕಂಡರೆ ಕೇಬಲ್ ಬಿಚ್ಚಿಡಿ, ದಯವಿಟ್ಟು. ಇನ್ನು ಹಳೆಯ ಸ್ಕ್ಯಾನರ್‌ಗಳಲ್ಲಿ ಫ್ರೀಕ್ವೆನ್ಸಿಯನ್ನು ಸ್ಥಿರವಾಗಿ ಹಿಡಿದಿಡುವ ಕ್ರಿಸ್ಟಲ್ ವಯಸ್ಸಾದಂತೆ ಜರುಗುತ್ತದೆ. ಹತ್ತು ಲಕ್ಷಕ್ಕೆ 5 ಪಾಲು ಜರುಗಿದರೂ 450 ಮೆಗಾಹರ್ಟ್ಸ್‌ನಲ್ಲಿ 2.25 ಕಿಲೋಹರ್ಟ್ಸ್ ಆಚೆ. ಕಿರಿದಾದ ಚಾನೆಲ್‌ನಲ್ಲಿ ಅಷ್ಟು ಸಾಕು, ದನಿ ಒಡೆಯುತ್ತದೆ.

ಡಿಜಿಟಲ್ ಸಿಗ್ನಲ್‌ಗಳ ಹೋಲಿಕೆಗೆ ಈ ಕಿವಿಯ ಪರೀಕ್ಷೆ ಅಷ್ಟಾಗಿ ಒಗ್ಗುವುದಿಲ್ಲ. ಅಲ್ಲಿ ದನಿ ಮೆಲ್ಲಗೆ ಮಂಕಾಗುವುದಿಲ್ಲ, ಒಂದು ಮೆಟ್ಟಿಲಲ್ಲಿ ಇರುತ್ತದೆ, ಮುಂದಿನದರಲ್ಲಿ ತುಂಡು ತುಂಡಾಗುತ್ತದೆ. ಪಿ25ರಂಥ ಡಿಜಿಟಲ್ ರೇಡಿಯೋ ವ್ಯವಸ್ಥೆಗಳಲ್ಲಿ ನೂರಕ್ಕೆ 5 ಬಿಟ್ ತಪ್ಪಾಗುವ ಮಟ್ಟವನ್ನು ಗುರುತಾಗಿ ಇಟ್ಟುಕೊಳ್ಳುತ್ತಾರೆ. ಹಲವು ಗೋಪುರಗಳು ಒಂದೇ ಫ್ರೀಕ್ವೆನ್ಸಿಯಲ್ಲಿ ಒಟ್ಟಿಗೆ ಮಾತಾಡುವ ಸೈಮಲ್‌ಕಾಸ್ಟ್ ಇದ್ದರಂತೂ ಸಿಗ್ನಲ್ ತುಂಬ ಬಲವಾಗಿದ್ದೂ ಮಾತು ಒಡೆಯಬಹುದು. ಅದಕ್ಕೂ ಸೆನ್ಸಿಟಿವಿಟಿಗೂ ಸಂಬಂಧವಿಲ್ಲ. ಸಿಗ್ನಲ್ಲನ್ನು ಬಿಡಿಸಿಕೊಳ್ಳುವ ರೀತಿ ಬೇರೆ ಇರಬೇಕು.

ಈಗ ನಿಮ್ಮ ಕೇಬಲ್. 20 ಮೀಟರ್ ಆರ್‌ಜಿ-58 ಅಂದಿರಿ. 450 ಮೆಗಾಹರ್ಟ್ಸ್‌ನಲ್ಲಿ ಅದು ಸುಮಾರು 7 ಡಿಬಿ ಕುಡಿಯುತ್ತದೆ. ಐದರಲ್ಲಿ ನಾಲ್ಕು ಪಾಲು ದಾರಿಯಲ್ಲೇ ಖರ್ಚು. 850ರ ಹತ್ತಿರ 10 ಡಿಬಿಯ ಆಸುಪಾಸು. ನಿಮ್ಮ ಎರಡು ಸ್ಕ್ಯಾನರ್‌ಗಳ ನಡುವೆ ಕೈಪಿಡಿ ತೋರಿಸುವ 8 ಡಿಬಿ ಅಂತರವನ್ನು ಕೇಬಲ್ ಒಂದೇ ತಿಂದುಹಾಕಿದೆ ನೋಡಿ. 1944ರಲ್ಲಿ ಫ್ರಿಸ್ ಬರೆದ ಸೂತ್ರ ಇದನ್ನೇ ಹೇಳುತ್ತದೆ. ಮೊದಲ ಆಂಪ್ಲಿಫೈಯರ್‌ಗಿಂತ ಮುಂಚೆ ಕಳೆದದ್ದು ಡಿಬಿಗೆ ಡಿಬಿ ಕಳೆದಂತೆಯೇ. ಆಮೇಲೆ ಎಷ್ಟು ಹಿಗ್ಗಿಸಿದರೂ ಅದು ವಾಪಸ್ ಬರುವುದಿಲ್ಲ. ಆದ್ದರಿಂದಲೇ ಪ್ರೀಆಂಪ್ ಹಾಕುವವರು ಅದನ್ನು ಕಂಬದ ಮೇಲೆ, ಆಂಟೆನಾ ಬುಡದಲ್ಲಿ ಹಾಕಬೇಕು. ಮೇಜಿನ ಮೇಲೆ, ಕೇಬಲ್ ಮುಗಿದಲ್ಲಿ ಹಾಕಿದರೆ ಸಿಗ್ನಲ್ ಜೊತೆ ಗದ್ದಲವೂ ಹಿಗ್ಗುತ್ತದೆ, ಕಡ್ಡಿಗಳು ಏರುತ್ತವೆ, ಮಾತು ಮಾತ್ರ ಅಷ್ಟಾಗಿ ಸುಧಾರಿಸದೇ ಇರಬಹುದು. ಎಲ್‌ಎಂಆರ್-400ರಂಥ ದಪ್ಪ ಕೇಬಲ್ ಹಾಕಿದರೆ 450ರಲ್ಲಿ ಅದೇ 20 ಮೀಟರ್‌ಗೆ 2 ಡಿಬಿಗಿಂತ ಕಡಿಮೆ ಕಳೆಯುತ್ತೀರಿ. 75 ಓಮ್‌ನ ಟಿವಿ ಕೇಬಲ್ ಆರ್‌ಜಿ-6 ಕೂಡ ಆರ್‌ಜಿ-58ಕ್ಕಿಂತ ಎಷ್ಟೋ ವಾಸಿ. 50ಕ್ಕೆ 75 ಹೊಂದುವುದಿಲ್ಲ ಅಂತ ಹೆದರಿಸುವವರಿದ್ದಾರೆ. ಆ ಹೊಂದದಿಕೆಯಿಂದ ಆಗುವ ನಷ್ಟ 0.2 ಡಿಬಿಯಷ್ಟೂ ಇಲ್ಲ. ಕೇಳುವುದಕ್ಕೆ ಮಾತ್ರ ಬಳಸುವ ನಮಗೆ ಅದು ಲೆಕ್ಕಕ್ಕೇ ಇಲ್ಲ.

ಆದರೆ ಕೇಬಲ್ ಬದಲಿಸುವ ಕೆಲಸ ಎರಡನೆಯದಾಗಿರಲಿ. ಈಗಿನ ಕೇಬಲ್ ಒಂದು ಅಟೆನ್ಯುಯೇಟರ್ ಹಾಗೆಯೂ ಕೆಲಸ ಮಾಡುತ್ತಿದೆ. ಮೊದಲೇ ಅದನ್ನು ತೆಗೆದರೆ ಬಾನುಲಿ ಕೇಂದ್ರಗಳ ಭಾರ ಇನ್ನೂ ಏರುತ್ತದೆ. ಹಾಗಾಗಿ ಮೊದಲು 10 ಡಿಬಿ ಪರೀಕ್ಷೆ ಮಾಡಿ. ಹಾಡು ಮಾಯವಾದರೆ 88ರಿಂದ 108 ಮೆಗಾಹರ್ಟ್ಸ್ ತಡೆಯುವ ಎಫ್‌ಎಂ ಫಿಲ್ಟರ್ ಒಂದನ್ನು ಹೊಸ ಸ್ಕ್ಯಾನರ್‌ನ ಸಾಕೆಟ್‌ಗೆ ಸಿಕ್ಕಿಸಿ. ಅದು ಬಾನುಲಿಯನ್ನು ಮಾತ್ರ ಸೋಸಿ ಉಳಿದದ್ದನ್ನು ಹೆಚ್ಚುಕಡಿಮೆ ಹಾಗೇ ಬಿಡುತ್ತದೆ. 118ರ ತೀರಾ ಹತ್ತಿರ ತುಸು ನಷ್ಟ ಆಗಬಹುದು, ಅದನ್ನೂ ಏಟಿಸ್ ಮೇಲೆ ಅಳೆದು ನೋಡಿ. ಫಿಲ್ಟರ್ ಹಾಕಿದ ಮೇಲೂ ಅಟೆನ್ಯುಯೇಟರ್‌ನಿಂದ ಸುಧಾರಣೆ ಕಂಡರೆ ಕಾಟ ಕೊಡುತ್ತಿರುವುದು ಬೇರೆ ಯಾವುದೋ ಬಲವಾದ ಟ್ರಾನ್ಸ್‌ಮಿಟರ್. ಆಗ ನಿಮಗೆ ಬೇಕಾದ ಬ್ಯಾಂಡನ್ನು ಮಾತ್ರ ಬಿಡುವ ಫಿಲ್ಟರ್ ಬೇಕಾಗುತ್ತದೆ. ಸುಧಾರಣೆ ಕಾಣದಿದ್ದರೆ ಬಾಗಿಲು ಭದ್ರವಾಯಿತು ಅಂತ ಅರ್ಥ. ಆಮೇಲೆ ಕೇಬಲ್ ಬದಲಿಸಿ, ಮತ್ತೆ ಅದೇ ಮೂರು ಸುತ್ತು ಕೇಳಿ, ಹಳೆಯ ಅಂಕಿಗಳ ಪಕ್ಕದಲ್ಲೇ ಹೊಸವನ್ನು ಬರೆಯಿರಿ.

ಹಳೆಯ ಸ್ಕ್ಯಾನರನ್ನು ಮಾರಬೇಡಿ. ಫಿಲ್ಟರ್ ಇಲ್ಲದೆಯೇ ಮಹಡಿ ಆಂಟೆನಾ ತಾಳಿಕೊಳ್ಳುವ ಸ್ಕ್ಯಾನರ್ ಅದು. ವಿಮಾನಗಳ ಬ್ಯಾಂಡಿಗೆ ಅದನ್ನೇ ಬಿಟ್ಟು, 450ರ ಮೇಲಿನದಕ್ಕೆ ಹೊಸದನ್ನು ಕೂರಿಸಿದರೆ ಎರಡಕ್ಕೂ ಒಪ್ಪುವ ಕೆಲಸ ಸಿಕ್ಕಂತಾಯಿತು.